ಲೆಕ್ಕದ ಡಾಕ್ಟರು ಎಲಿಯಟ್ ಸ್ಲೇಟರ್

ಬೈಪೋಲಾರ್ ಅಂದರೆ ನಮ್ಮ ಕಾಲೇಜಿನಲ್ಲಿ ಎರಡು ಅರ್ಥ. ಇಲೆಕ್ಟ್ರಾನಿಕ್ಸ್‌ನವರಿಗೆ ಅದು ಮೂರು ಕಾಲಿನ ಟ್ರಾನ್ಸಿಸ್ಟರು. ಹಾಸ್ಟೆಲಿನಲ್ಲಿ ಅದು ಗೇಲಿಯ ಮಾತು: ಬೆಳಿಗ್ಗೆ ನಕ್ಕು ಸಂಜೆ ಮುಖ ಊದಿಸಿಕೊಂಡವನನ್ನು ಬೈಪೋಲಾರ್ ಅಂತ ಕರೆದು ಕೈ ತೊಳೆದುಕೊಳ್ಳುತ್ತೇವೆ. ನಾವೂ ಕರೆದಿದ್ದೇವೆ, ಸುಳ್ಳು ಯಾಕೆ ಹೇಳೋಣ. ನಿಜವಾದ ಕಾಯಿಲೆ ಬೆಳಿಗ್ಗೆ-ಸಂಜೆಯ ಲೆಕ್ಕದ್ದಲ್ಲ. ವಾರಗಟ್ಟಲೆ ನಿದ್ದೆಯೇ ಬೇಡವಾಗಿ, ಜೇಬಿನಲ್ಲಿದ್ದದ್ದೆಲ್ಲ ಖರ್ಚಾಗಿ, ಜಗತ್ತನ್ನೇ ಗೆಲ್ಲುತ್ತೇನೆ ಅನ್ನಿಸುವ ಉನ್ಮಾದ ಒಂದು ಕಡೆ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗದ ಖಿನ್ನತೆ ಇನ್ನೊಂದು ಕಡೆ. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಬರುವಂಥದ್ದು, ಅದೂ ಹೆಚ್ಚಾಗಿ ನಮ್ಮ ವಯಸ್ಸಿನಲ್ಲೇ ಶುರುವಾಗುವಂಥದ್ದು.

ಈ ಕಾಯಿಲೆಯ ಸುದ್ದಿ ಬಂದಲ್ಲೆಲ್ಲ ಹಿಂದೆಯೇ ಬರುವ ಇನ್ನೊಂದು ಮಾತಿದೆ: ಅದು ಅವರ ವಂಶದಲ್ಲೇ ಇದೆ. ನಮ್ಮ ಊರುಗಳಲ್ಲಿ ಹೆಣ್ಣು-ಗಂಡು ನೋಡುವಾಗ ಜಾತಕಕ್ಕಿಂತ ಮೊದಲು ಗುಟ್ಟಾಗಿ ವಿಚಾರಿಸುವ ವಿಷಯ ಇದು. ಯಾರದೋ ಚಿಕ್ಕಪ್ಪ ನಿಮ್ಹಾನ್ಸ್‌ಗೆ ಹೋಗಿ ಬಂದಿದ್ದರೆ ಸಾಕು, ಸಂಬಂಧ ಮುರಿಯಿತು. ವಂಶದಲ್ಲಿ ಇದೆ ಅಂದರೆ ಎಷ್ಟು ಇದೆ? ನೂರಕ್ಕೆ ನೂರಾ, ಐವತ್ತಾ, ಹತ್ತಾ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿ, ಉತ್ತರಕ್ಕಾಗಿ ಒಂದು ಇಡೀ ಆಯುಷ್ಯ ಎಣಿಸುತ್ತಾ ಕೂತವರು ಇಂಗ್ಲೆಂಡಿನ ಮನೋವೈದ್ಯ ಎಲಿಯಟ್ ಸ್ಲೇಟರ್. ಮನೋವೈದ್ಯರ ಲೋಕದಲ್ಲಿ ದೊಡ್ಡ ಹೆಸರು. ಅವರ ಕೈಯಲ್ಲಿದ್ದ ಮುಖ್ಯ ಹತಾರ ಸಂಖ್ಯಾಶಾಸ್ತ್ರ, ಅಂದರೆ ನಾವು ನಾಲ್ಕನೇ ಸೆಮಿಸ್ಟರಿನಲ್ಲಿ ಪಾಸಾಗಲಿಕ್ಕಷ್ಟೇ ಓದುವ ವಿಷಯ. ಹಾಗಾಗಿ ಈ ಸಲದ ಜೀವನ ಪರಿಚಯಕ್ಕೆ ಇವರನ್ನೇ ಆರಿಸಿಕೊಂಡೆವು.

ಸ್ಲೇಟರ್ ಹುಟ್ಟಿದ್ದು 1904ರಲ್ಲಿ, ಲಂಡನ್ನಿನಲ್ಲಿ. ತಾಯಿ ವಯಲೆಟ್ ಕ್ವೇಕರ್ ಪಂಥದವರು, ಯುದ್ಧವೇ ತಪ್ಪು ಅನ್ನುವವರು. ತಂದೆ ಗಿಲ್ಬರ್ಟ್ ಸ್ಲೇಟರ್ ಅರ್ಥಶಾಸ್ತ್ರಜ್ಞರು. ಇಲ್ಲಿ ನಮಗೆ ಒಂದು ಖುಷಿಯ ಸಂಗತಿ ಸಿಕ್ಕಿತು. ಈ ಗಿಲ್ಬರ್ಟ್ ಸ್ಲೇಟರ್ 1915ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದವರು. ಆಗ ನಮ್ಮ ಮಂಗಳೂರು, ಬಳ್ಳಾರಿಗಳೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಅವರು ಪಾಠ ಮಾಡಿ ಸುಮ್ಮನಾಗಲಿಲ್ಲ. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳ ಕೈಗೆ ಪ್ರಶ್ನೆಗಳನ್ನು ಕೊಟ್ಟು, ನಿಮ್ಮ ನಿಮ್ಮ ಹಳ್ಳಿಗಳ ಲೆಕ್ಕ ತನ್ನಿ ಅಂದರು. ಜಮೀನೆಷ್ಟು, ದನವೆಷ್ಟು, ಸಾಲವೆಷ್ಟು, ಕೂಲಿ ಎಷ್ಟು. ಅದರಿಂದ 1918ರಲ್ಲಿ ದಕ್ಷಿಣ ಭಾರತದ ಕೆಲವು ಹಳ್ಳಿಗಳ ಕುರಿತ ಪುಸ್ತಕ ಬಂತು. ಅದೇ ಹಳ್ಳಿಗಳನ್ನು ಮುಂದೆ 1930ರ ದಶಕದಲ್ಲಿ ಒಮ್ಮೆ, ಸ್ವಾತಂತ್ರ್ಯದ ನಂತರ ಮತ್ತೆ ಮತ್ತೆ, ಬೇರೆ ಬೇರೆ ಅರ್ಥಶಾಸ್ತ್ರಜ್ಞರು ಎಣಿಸಿದರು. ಅಪ್ಪ ಹಳ್ಳಿ ಎಣಿಸಿದರೆ ಮಗ ಮನೆತನಗಳನ್ನು ಎಣಿಸಿದ ಅಂತ ಹೇಳಲು ಬಾಯಿ ತುರಿಸುತ್ತಿದೆ. ಇರಲಿ, ಅದು ನಮ್ಮ ಊಹೆ ಅಷ್ಟೆ. ಮಗನ ಶಾಲೆಯೆಲ್ಲ ಇಂಗ್ಲೆಂಡಿನಲ್ಲೇ, ಕ್ವೇಕರರು ನಡೆಸುತ್ತಿದ್ದ ಲೇಟನ್ ಪಾರ್ಕಿನಲ್ಲಿ ಆಯಿತು.

ಆಮೇಲೆ ಕೇಂಬ್ರಿಜ್, ಅಲ್ಲಿಂದ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣ. 1931ರಲ್ಲಿ ಲಂಡನ್ನಿನ ಮಾಡ್ಸ್ಲಿ ಮಾನಸಿಕ ಆಸ್ಪತ್ರೆಗೆ ಸೇರಿದರು. ಆ ಕಾಲದ ಮನೋವೈದ್ಯಕ್ಕೆ ಇವತ್ತಿನ ಔಷಧಿಗಳು ಯಾವುದೂ ಗೊತ್ತಿರಲಿಲ್ಲ. ಲಿಥಿಯಂ ಈ ಕಾಯಿಲೆಗೆ ಕೆಲಸ ಮಾಡುತ್ತದೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಬರೆದದ್ದೇ 1949ರಲ್ಲಿ. ರೋಗಿ ಬಂದರೆ ಗಮನಿಸು, ಹೆಸರಿಡು, ಕಾಯಿ. ಅಷ್ಟೇ ವೈದ್ಯ. ಸ್ಲೇಟರ್ ಅಲ್ಲಿ ಹಿಡಿದ ದಾರಿ ಬೇರೆ. ಸಂಖ್ಯಾಶಾಸ್ತ್ರದ ದೊಡ್ಡಪ್ಪನಂಥ ಆರ್. ಎ. ಫಿಶರ್ 1925ರಲ್ಲಿ ಸಂಶೋಧಕರಿಗಾಗಿ ಬರೆದ ಪುಸ್ತಕವನ್ನು ಇಟ್ಟುಕೊಂಡು ತಾವೇ ಲೆಕ್ಕ ಕಲಿತರು. ಪಕ್ಕದ ವೈದ್ಯರಿಗೆ ಅದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇವತ್ತಿಗೂ ವೈದ್ಯರು ನಮ್ಮ ಹತ್ತಿರ ಬಂದು ಡೇಟಾ ನೋಡಿಕೊಡಿ ಅನ್ನುತ್ತಾರೆ ತಾನೆ.

1934ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಫೆಲೋಶಿಪ್ ಸಿಕ್ಕಿತು. ಸ್ಲೇಟರ್ ಜರ್ಮನಿಗೆ ಹೊರಟರು. ಕಾರಣ ಸರಳ. ಮಾನಸಿಕ ಕಾಯಿಲೆಯ ಆನುವಂಶಿಕತೆ ಕಲಿಯಬೇಕು ಅಂದರೆ ಆಗ ಜಗತ್ತಿನಲ್ಲಿ ಇದ್ದ ಜಾಗ ಒಂದೇ, ಮ್ಯೂನಿಕ್ಕಿನ ಮನೋವೈದ್ಯ ಸಂಶೋಧನಾ ಸಂಸ್ಥೆ. ಅದನ್ನು 1917ರಲ್ಲಿ ಕಟ್ಟಿದವರು ಎಮಿಲ್ ಕ್ರೇಪೆಲಿನ್. ಏರುವ ಉನ್ಮಾದವೂ ಇಳಿಯುವ ಖಿನ್ನತೆಯೂ ಎರಡು ಕಾಯಿಲೆಗಳಲ್ಲ, ಒಂದೇ ಕಾಯಿಲೆಯ ಎರಡು ಮುಖ ಅಂತ 1899ರಲ್ಲಿ ಗಟ್ಟಿಯಾಗಿ ನಿಲ್ಲಿಸಿದವರೂ ಅವರೇ. ಆದರೆ ಕ್ರೇಪೆಲಿನ್ ತೀರಿಕೊಂಡು ಎಂಟು ವರ್ಷವಾಗಿತ್ತು. ಸಂಸ್ಥೆಯ ಗದ್ದುಗೆಯಲ್ಲಿ ಈಗ ಕೂತಿದ್ದವನು ಎರ್ನ್ಸ್ಟ್ ರೂಡಿನ್. ಓದುಗರು ಕ್ಷಮಿಸಬೇಕು, ಇವನಿಗೆ ಬಹುವಚನ ಕೊಡಲು ನಮಗೆ ಮನಸ್ಸು ಬರುತ್ತಿಲ್ಲ.

ರೂಡಿನ್ ದಡ್ಡನಲ್ಲ. ಅಲ್ಲೇ ಇರುವುದು ತೊಂದರೆ. ಮನೆತನಗಳ ಲೆಕ್ಕವನ್ನು ಹೇಗೆ ತೆಗೆಯಬೇಕು ಅನ್ನುವುದನ್ನು ಕ್ರಮಬದ್ಧವಾಗಿ ಮಾಡಿ ತೋರಿಸಿದವರಲ್ಲಿ ಅವನು ಮೊದಲಿಗ. ಈ ಲೆಕ್ಕ ಕೇಳಲು ಸುಲಭ, ಮಾಡಲು ಕಷ್ಟ. ಕಾಯಿಲೆಯವರ ಅಣ್ಣ-ತಮ್ಮ-ತಂಗಿಯರು ನೂರು ಜನ ಇದ್ದಾರೆ, ಆರು ಜನಕ್ಕೆ ಕಾಯಿಲೆ ಇದೆ ಅಂದುಕೊಳ್ಳಿ. ಹಾಗಾದರೆ ಅಪಾಯ ಶೇಕಡಾ 6 ಅನ್ನಬಹುದಾ? ಅನ್ನುವ ಹಾಗಿಲ್ಲ. ಆ ನೂರರಲ್ಲಿ ಇಪ್ಪತ್ತು ಜನ ಇನ್ನೂ ಹತ್ತು ವರ್ಷದ ಮಕ್ಕಳು, ಅವರಿಗೆ ಕಾಯಿಲೆ ಬರುವ ವಯಸ್ಸೇ ಆಗಿಲ್ಲ. ನಲವತ್ತು ಜನ ಅಪಾಯದ ವಯಸ್ಸಿನ ನಡುವೆ ಇದ್ದಾರೆ, ಇಂದು ಚೆನ್ನಾಗಿರುವವರು ನಾಳೆ ಬೀಳಬಹುದು. ಉಳಿದ ನಲವತ್ತು ಜನ ಮಾತ್ರ ಆ ವಯಸ್ಸನ್ನು ದಾಟಿದವರು. ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ವೈನ್‌ಬರ್ಗ್ ಇದಕ್ಕೊಂದು ಉಪಾಯ ಮಾಡಿದ್ದರು: ವಯಸ್ಸಾಗದವರನ್ನು ಸೊನ್ನೆ ಅಂತ, ನಡುವೆ ಇರುವವರನ್ನು ಅರ್ಧ ಅಂತ, ದಾಟಿದವರನ್ನು ಒಂದು ಅಂತ ಎಣಿಸಿ. ಆಗ ಛೇದ ನೂರಲ್ಲ, ಅರವತ್ತು. ಆರು ಭಾಗಿಸು ಅರವತ್ತು, ಶೇಕಡಾ 10. ಹಾರ್ಡಿ-ವೈನ್‌ಬರ್ಗ್ ನಿಯಮ ಅಂತ ಪಿಯುಸಿ ಜೀವಶಾಸ್ತ್ರದಲ್ಲಿ ಓದಿದ್ದು ನೆನಪಿದೆಯಾ? ಅದೇ ವೈನ್‌ಬರ್ಗ್.

ಈಗ ಒಂದು ಗುಟ್ಟು. ರೂಡಿನ್ 1922ರಿಂದ 1925ರ ನಡುವೆ ಇದೇ ಉನ್ಮಾದ-ಖಿನ್ನತೆಯ ಆನುವಂಶಿಕತೆಯ ಬಗ್ಗೆ ದೊಡ್ಡ ಅಧ್ಯಯನ ಮಾಡಿ ಬರೆದಿಟ್ಟಿದ್ದ. ಬಟಾಣಿ ಗಿಡದ ಹೂವಿನ ಬಣ್ಣದಂತೆ ಒಂದು ಸರಳ ಮೆಂಡಲ್ ಸೂತ್ರಕ್ಕೆ ಇದು ಬೀಳುತ್ತದೆ ಅನ್ನುವುದು ಅವನ ಆಸೆ. ಲೆಕ್ಕ ಬೀಳಲಿಲ್ಲ. ಬೀಳದ ಲೆಕ್ಕವನ್ನು ಅವನು ಪ್ರಕಟಿಸಲಿಲ್ಲ, ಹಸ್ತಪ್ರತಿ ಕಪಾಟು ಸೇರಿತು. ಮ್ಯೂನಿಕ್ಕಿನ ದಾಖಲೆಗಳ ನಡುವೆ ಇದ್ದ ಅದನ್ನು ಓದಿ, ಸಂಶೋಧಕರು ಅದರ ಬಗ್ಗೆ ಲೋಕಕ್ಕೆ ಬರೆದದ್ದು 2015ರಲ್ಲಿ. ನಡುವೆ ತೊಂಬತ್ತು ವರ್ಷ.

ಆ ತೊಂಬತ್ತು ವರ್ಷದಲ್ಲಿ ಏನಾಯಿತು ನೋಡಿ. 1933ರ ಜುಲೈ 14ರಂದು ಹಿಟ್ಲರನ ಸರ್ಕಾರ ಆನುವಂಶಿಕ ಕಾಯಿಲೆಯ ಸಂತಾನವನ್ನು ತಡೆಯುವ ಕಾನೂನು ತಂದಿತು. 1934ರ ಜನವರಿ 1ರಿಂದ ಜಾರಿ. ಅದಕ್ಕೆ ಅಧಿಕೃತ ವ್ಯಾಖ್ಯಾನ ಬರೆದ ಮೂವರಲ್ಲಿ ರೂಡಿನ್ ಒಬ್ಬ. ಸ್ಕಿಜೋಫ್ರೀನಿಯಾ, ಮೂರ್ಛೆರೋಗ, ಹುಟ್ಟುಗುರುಡು, ಹುಟ್ಟುಗಿವುಡು, ಹೀಗೆ ಸಾಗುವ ಪಟ್ಟಿಯಲ್ಲಿ ಉನ್ಮಾದ-ಖಿನ್ನತೆಯೂ ಇತ್ತು. ಒಬ್ಬ ನ್ಯಾಯಾಧೀಶ, ಇಬ್ಬರು ವೈದ್ಯರು ಕೂತ ನ್ಯಾಯಾಲಯ ಹೂಂ ಅಂದರೆ ಮುಗಿಯಿತು, ರೋಗಿ ಒಪ್ಪಲಿ ಬಿಡಲಿ, ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 4 ಲಕ್ಷ ಜನರಿಗೆ ಇದನ್ನು ಮಾಡಿದ್ದರು. 1940-41ರಲ್ಲಿ ಇನ್ನೂ ಮುಂದೆ ಹೋಗಿ, ಆಸ್ಪತ್ರೆಗಳಲ್ಲಿದ್ದ 70,000ಕ್ಕೂ ಹೆಚ್ಚು ರೋಗಿಗಳನ್ನು ವಿಷಾನಿಲ ಬಿಟ್ಟು ಕೊಂದರು. ತನ್ನ ಕಪಾಟಿನಲ್ಲಿದ್ದ ಹಸ್ತಪ್ರತಿ ಏನು ಹೇಳುತ್ತದೆ ಅಂತ ರೂಡಿನ್‌ಗೆ ಗೊತ್ತಿತ್ತು. ಗೊತ್ತಿದ್ದೂ ಕಾನೂನಿಗೆ ಪೆನ್ನು ಹಿಡಿದ. ಯುದ್ಧದ ನಂತರ ಕೆಲಕಾಲ ಬಂಧನ, ಒಂದಷ್ಟು ದಂಡ, 1952ರಲ್ಲಿ ಸಾವು. ಅಷ್ಟೇ.

ಇಂಥ ಜಾಗಕ್ಕೆ, ಅದೂ ಅದೇ 1934ರಲ್ಲಿ, ಮೂವತ್ತು ವರ್ಷದ ಸ್ಲೇಟರ್ ಬಂದು ಇಳಿದರು. ಅವರು ಆರಿಸಿಕೊಂಡ ವಿಷಯ? ಉನ್ಮಾದ-ಖಿನ್ನತೆ ಇರುವವರ ಅಪ್ಪ-ಅಮ್ಮಂದಿರು ಮತ್ತು ಮಕ್ಕಳು. ಅದೇ ಸಂಸ್ಥೆ, ಅದೇ ಕಾಯಿಲೆ, ಅದೇ ಬಗೆಯ ಕಡತಗಳು. ರೂಡಿನ್‌ನ ಬಳಿ ಅವರು ಹೆಚ್ಚು ಸುಳಿಯಲಿಲ್ಲ, ಅವನೊಬ್ಬ ಮತಾಂಧ ಅನ್ನುವುದು ಅವರಿಗೆ ಬೇಗ ತಿಳಿಯಿತು. ಕಲಿತದ್ದು ಅಲ್ಲೇ ಇದ್ದ ಬ್ರೂನೋ ಶುಲ್ಟ್ಸ್ ಎಂಬ ಮೆತ್ತಗಿನ, ಲೆಕ್ಕದಲ್ಲಿ ಮಹಾ ಪ್ರಾಮಾಣಿಕನಾದ ವೈದ್ಯರಿಂದ. ಸ್ಲೇಟರ್ ಎಣಿಸಿದರು. ಒಂದೇ ಪ್ರಬಲ ಜೀನ್‌ನಿಂದ ಕಾಯಿಲೆ ಬರುವುದಾದರೆ, ಕಾಯಿಲೆಯವರ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಬರಬೇಕು, ನಾಣ್ಯ ಚಿಮ್ಮಿದ ಹಾಗೆ. ಮಕ್ಕಳಲ್ಲಿ ಕಾಯಿಲೆ ಸಾಮಾನ್ಯ ಜನರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು, ಅದು ನಿಜ. ಆದರೆ 50ರ ಹತ್ತಿರಕ್ಕೂ ಬರಲಿಲ್ಲ. ಜೀನ್ ಇದ್ದರೂ ಎಲ್ಲರಲ್ಲಿ ಹೊರಗೆ ಕಾಣಿಸಿಕೊಳ್ಳುವುದಿಲ್ಲವೇನೋ ಅನ್ನುವ ವಿವರಣೆಯ ಕಡೆಗೆ ಅವರು ವಾಲಿದರು. ಆ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ ಅಂಕಿಗಳನ್ನು ಇದ್ದದ್ದು ಇದ್ದ ಹಾಗೆ 1938ರಲ್ಲಿ ಜರ್ಮನ್ ಭಾಷೆಯಲ್ಲೇ, ಜರ್ಮನಿಯ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು.

ಊರಿಗೆ ಮರಳಿದ ಮೇಲೆ 1936ರಲ್ಲಿ ಇಂಗ್ಲೆಂಡಿನ ಸುಜನನಶಾಸ್ತ್ರ ಸಂಘದ ಪತ್ರಿಕೆಯಲ್ಲಿ, ಜರ್ಮನಿಯ ಕಾನೂನು ನೆಲದ ಮೇಲೆ ಹೇಗೆ ನಡೆಯುತ್ತಿದೆ ಅಂತ ವಿಮರ್ಶೆಯ ಲೇಖನ ಬರೆದರು. ಸುಜನನಶಾಸ್ತ್ರ ಅಂದರೆ ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸುತ್ತೇವೆ ಅನ್ನುವ ಆ ಕಾಲದ ಹುಚ್ಚು. ಹಸು, ಎತ್ತಿಗೆ ಮಾಡುವುದನ್ನು ಮನುಷ್ಯರಿಗೂ ಮಾಡೋಣ ಅಂತ. ಇದನ್ನು ನಂಬಿದವರು ಜರ್ಮನಿಯಲ್ಲಿ ಮಾತ್ರ ಇರಲಿಲ್ಲ, ಇಂಗ್ಲೆಂಡು, ಅಮೆರಿಕಗಳಲ್ಲೂ ದಂಡಿಯಾಗಿದ್ದರು. ಮೇಲೆ ಹೇಳಿದ ಫಿಶರ್ ಕೂಡ ಅವರಲ್ಲೊಬ್ಬರು. ಸ್ಲೇಟರ್ ಕೂಡ ಆ ವಲಯದಿಂದ ಪೂರ್ತಿ ಹೊರಗಿದ್ದವರಲ್ಲ, ಬರೆದದ್ದೇ ಆ ಸಂಘದ ಪತ್ರಿಕೆಗೆ. ಇದನ್ನು ಮುಚ್ಚಿಟ್ಟು ಅವರನ್ನು ದೇವರು ಮಾಡುವ ಇರಾದೆ ನಮಗಿಲ್ಲ.

ಮ್ಯೂನಿಕ್ಕಿನಿಂದ ಅವರು ಬರೀ ಅಂಕಿ ತರಲಿಲ್ಲ. ಅದೇ ಸಂಸ್ಥೆಯಲ್ಲಿ ಮೆದುಳಿನ ರಸಾಯನಶಾಸ್ತ್ರದ ಕೆಲಸ ಮಾಡುತ್ತಿದ್ದ ರಷ್ಯಾದ ಹುಡುಗಿ ಲಿಡಿಯಾ ಪಾಸ್ಟರ್ನಾಕ್. ಹೌದು, ಅದೇ ಪಾಸ್ಟರ್ನಾಕ್. ಡಾಕ್ಟರ್ ಝಿವಾಗೋ ಬರೆದು 1958ರಲ್ಲಿ ನೊಬೆಲ್ ಗೆದ್ದು, ಸರ್ಕಾರದ ಒತ್ತಡಕ್ಕೆ ಅದನ್ನು ಬೇಡ ಅನ್ನಬೇಕಾದ ಬೋರಿಸ್ ಪಾಸ್ಟರ್ನಾಕರ ತಂಗಿ. ಅಪ್ಪ ಲಿಯೋನಿಡ್ ಚಿತ್ರಕಾರರು, ಟಾಲ್‌ಸ್ಟಾಯ್ ಕಾದಂಬರಿಗೆ ಚಿತ್ರ ಬರೆದವರು. ಯಹೂದಿ ಮನೆತನ. ಶುದ್ಧ ತಳಿಯ ಕಾನೂನಿಗೆ ಬುನಾದಿ ಹಾಕುತ್ತಿದ್ದ ಕಟ್ಟಡದಲ್ಲೇ ಇಂಗ್ಲೆಂಡಿನ ಕ್ವೇಕರ್ ಹುಡುಗನೂ ಮಾಸ್ಕೋದ ಯಹೂದಿ ಹುಡುಗಿಯೂ ಜೋಡಿಯಾದರು. 1935ರಲ್ಲಿ ಮದುವೆ, ಲಿಡಿಯಾ ಇಂಗ್ಲೆಂಡಿಗೆ ಬಂದರು. 1938ರಲ್ಲಿ ಅವರ ಅಪ್ಪ-ಅಮ್ಮ ಕೂಡ ಜರ್ಮನಿ ಬಿಟ್ಟು ಬಂದು ಸೇರಿದರು. ನಾಲ್ಕು ಮಕ್ಕಳಾದವು. ಸಂಸಾರ ಮಾತ್ರ ಉಳಿಯಲಿಲ್ಲ, 1946ರಲ್ಲಿ ಬೇರೆಯಾದರು. ಲಿಡಿಯಾ ಆಕ್ಸ್‌ಫರ್ಡಿನಲ್ಲಿ ನೆಲೆಸಿ, ಅಣ್ಣನ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಒಬ್ಬ ವಿಜ್ಞಾನಿ ಹೆಂಗಸಿನ ಪ್ರಯೋಗಾಲಯದ ಕೆಲಸ ಮದುವೆಯೊಂದಿಗೇ ಮುಗಿದುಹೋಯಿತು ಅನ್ನುವುದೂ ಇಲ್ಲಿನ ಒಂದು ಸಂಗತಿ.

ಯುದ್ಧದ ವರ್ಷಗಳನ್ನು ಬೇಗ ದಾಟೋಣ. ಸಟನ್ ಎಂಬಲ್ಲಿನ ತುರ್ತು ಆಸ್ಪತ್ರೆಗೆ ಮುಖ್ಯ ವೈದ್ಯರಾಗಿ ಡನ್‌ಕರ್ಕ್‌ನಿಂದ ನಡುಗುತ್ತಾ ಬಂದ ಸಿಪಾಯಿಗಳನ್ನು ನೋಡಿಕೊಂಡರು. ಅಲ್ಲಿನ ಜೊತೆಗಾರ ವಿಲಿಯಂ ಸಾರ್ಜೆಂಟ್ ಜೊತೆ ಸೇರಿ 1944ರಲ್ಲಿ ವಿದ್ಯುತ್ ಆಘಾತ, ಇನ್ಸುಲಿನ್ ಮೂರ್ಛೆ, ಮೆದುಳಿನ ಶಸ್ತ್ರಚಿಕಿತ್ಸೆಗಳ ಕೈಪಿಡಿ ಬರೆದರು. ಮೆದುಳಿನ ಮುಂಭಾಗದ ನರಗಳನ್ನು ಕತ್ತರಿಸುವ ಆ ಶಸ್ತ್ರಚಿಕಿತ್ಸೆಯನ್ನು ಅವರು ಬೆಂಬಲಿಸಿದ್ದು ಇವತ್ತು ಓದಿದರೆ ಮೈ ಜುಂ ಅನ್ನುತ್ತದೆ. ಎಲ್ಲವನ್ನೂ ಎಣಿಸಿ ನೋಡುವ ಮನುಷ್ಯ ಇದನ್ನು ಯಾಕೆ ಸಾಕಷ್ಟು ಎಣಿಸಿ ನೋಡಲಿಲ್ಲ ಅನ್ನುವ ಪ್ರಶ್ನೆಗೆ ನಮ್ಮ ಬಳಿ ಉತ್ತರವಿಲ್ಲ.

ಯುದ್ಧ ಮುಗಿದ ಮೇಲೆ ಅವರ ನಿಜವಾದ ದೊಡ್ಡ ಕೆಲಸ ಶುರುವಾಯಿತು, ಅವಳಿಗಳದ್ದು. ಮನೆತನದಲ್ಲಿ ಕಾಯಿಲೆ ಇದೆ ಅಂದರೆ ಅದು ರಕ್ತದಿಂದ ಬಂತೋ, ಒಂದೇ ಮನೆಯಲ್ಲಿ ಬೆಳೆದದ್ದರಿಂದ ಬಂತೋ ಹೇಗೆ ಹೇಳುವುದು? ಕುಡುಕ ಅಪ್ಪನ ಮನೆಯಲ್ಲಿ ಎಲ್ಲ ಮಕ್ಕಳೂ ಸೊರಗುತ್ತಾರೆ. ಅದಕ್ಕೆ ಅವಳಿ ಬೇಕು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೆ ಜೀನ್‌ಗಳೆಲ್ಲ ಒಂದೇ. ಎರಡು ಅಂಡದ ಅವಳಿಗಳು ಸಾಮಾನ್ಯ ಅಣ್ಣ-ತಮ್ಮಂದಿರಂತೆ ಅರ್ಧದಷ್ಟು ಹಂಚಿಕೊಂಡವರು. ಎರಡು ಜೋಡಿಯೂ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಬೆಳೆದಿರುತ್ತವೆ. ಹಾಗಾಗಿ ಮೊದಲ ಬಗೆಯ ಜೋಡಿಯಲ್ಲಿ ಇಬ್ಬರಿಗೂ ಕಾಯಿಲೆ ಬರುವುದು ಎರಡನೆಯದಕ್ಕಿಂತ ಹೆಚ್ಚಿದ್ದರೆ ಆ ವ್ಯತ್ಯಾಸ ಜೀನ್‌ಗೆ ಸೇರಬೇಕು. ಲ್ಯಾಬಿನಲ್ಲಿ ಒಂದು ವೇರಿಯಬಲ್ ಕಟ್ಟಿ ಹಾಕಿ ಇನ್ನೊಂದನ್ನು ಅಳೆಯುವುದಿಲ್ಲವೇ, ಅದೇ ಉಪಾಯ. ಇಲ್ಲಿ ಕಟ್ಟಿ ಹಾಕಿದ್ದು ಪ್ರಕೃತಿ.

ಆದರೆ ಅವಳಿಗಳನ್ನು ಹುಡುಕುವುದರಲ್ಲೇ ಮೋಸ ಇರುತ್ತದೆ. ಇಬ್ಬರಿಗೂ ಕಾಯಿಲೆ ಬಂದ ಅವಳಿಗಳು ಎಲ್ಲರ ಬಾಯಲ್ಲಿ ಇರುತ್ತಾರೆ, ವೈದ್ಯರೂ ಅವರ ಬಗ್ಗೆಯೇ ಬರೆಯುತ್ತಾರೆ. ಒಬ್ಬನಿಗೆ ಬಂದು ಇನ್ನೊಬ್ಬ ಅಂಚೆ ಕಚೇರಿಯಲ್ಲಿ ಆರಾಮಾಗಿ ಕೆಲಸ ಮಾಡಿಕೊಂಡಿದ್ದರೆ ಯಾರಿಗೂ ನೆನಪಾಗುವುದಿಲ್ಲ. ಇದನ್ನು ತಡೆಯಲು ಮಾಡ್ಸ್ಲಿ ಆಸ್ಪತ್ರೆಯಲ್ಲಿ 1948ರಿಂದ ಸ್ಲೇಟರ್ ಒಂದು ಪದ್ಧತಿ ತಂದರು. ಬಂದ ಪ್ರತಿಯೊಬ್ಬ ರೋಗಿಯ ಚೀಟಿ ಬರೆಯುವಾಗಲೇ ಕೇಳಬೇಕು, ನೀವು ಅವಳಿಯಾ ಅಂತ. ಅಷ್ಟೇ. ಒಂದು ಸಾಲಿನ ಪ್ರಶ್ನೆ, ಒಂದು ರಿಜಿಸ್ಟರು. ಹೌದು ಅಂದವರನ್ನು ಬಿಡದೆ, ಇನ್ನೊಬ್ಬ ಎಲ್ಲಿದ್ದಾನೆ ಅಂತ ಹುಡುಕಿಕೊಂಡು ಹೋಗಬೇಕು. ಹೀಗೆ ಊರೂರು ಅಲೆದ ಅವರ ಬಲಗೈ ಜೇಮ್ಸ್ ಶೀಲ್ಡ್ಸ್. ಒಂದೇ ಅಂಡವೋ ಎರಡೋ ಅನ್ನುವುದಕ್ಕೆ ಡಿಎನ್‌ಎ ಪರೀಕ್ಷೆ ಇರಲಿಲ್ಲ, ಬೆರಳಚ್ಚು, ರಕ್ತದ ಗುಂಪು, ಮುಖಚಹರೆ ನೋಡಿ ತೀರ್ಮಾನಿಸಬೇಕು. ಮಾನಸಿಕ ಕಾಯಿಲೆಯ ಅವಳಿಗಳ ಬಗ್ಗೆ 1953ರಲ್ಲಿ ಬಂದ ಅವರ ವರದಿಯನ್ನು ಆ ವಿಷಯದಲ್ಲಿ ಕೆಲಸ ಮಾಡಿದವರು ದಶಕಗಳ ಕಾಲ ತಿರುವಿ ಹಾಕಿದರು.

ನಡುನಡುವೆ ಅವರು ಒಂದು ಚಂದದ ಕೆಲಸ ಮಾಡಿದರು. ಜರ್ಮನಿಯ ಸಂಗೀತ ರಚನಕಾರ ರಾಬರ್ಟ್ ಶೂಮನ್ ಎರಡು ಸಲ ಸಾಯಲು ಹೊರಟವರು, ಕೊನೆಗೆ 1856ರಲ್ಲಿ ಮಾನಸಿಕ ಆಸ್ಪತ್ರೆಯಲ್ಲೇ ತೀರಿಕೊಂಡವರು. 1959ರಲ್ಲಿ ಸ್ಲೇಟರ್, ಆಲ್ಫ್ರೆಡ್ ಮೈಯರ್ ಜೊತೆ ಸೇರಿ, ಶೂಮನ್ ಯಾವ ಯಾವ ವರ್ಷ ಎಷ್ಟೆಷ್ಟು ಕೃತಿ ರಚಿಸಿದರು ಅಂತ ಪಟ್ಟಿ ಮಾಡಿದರು. ಅದನ್ನು ಗ್ರಾಫಿನ ಮೇಲೆ ಇಟ್ಟರೆ 1840ರಲ್ಲೂ 1849ರಲ್ಲೂ ಎರಡು ಗೋಪುರಗಳು, ಒಂದೊಂದರಲ್ಲೂ ಇಪ್ಪತ್ತಕ್ಕಿಂತ ಹೆಚ್ಚು ಕೃತಿಗಳು. ನಡುವೆ, ಖಿನ್ನತೆ ಹಿಡಿದ 1844ರಲ್ಲಿ ಬರೀ ಹಳ್ಳ. ಒಬ್ಬ ಮನುಷ್ಯನ ಕಾಯಿಲೆಯ ಇಡೀ ಆಯುಷ್ಯ ಒಂದು ಹಿಸ್ಟೋಗ್ರಾಮಿನಲ್ಲಿ. ಈ ಚಿತ್ರವನ್ನು ನೋಡಿದರೆ ಪ್ರತಿಭೆಗೆ ಹುಚ್ಚು ಬೇಕು ಅಂತ ಯಾರಾದರೂ ವಾದ ಹೂಡಬಹುದು. ನಮಗೆ ಕಾಣುವುದು ಆ ಹಳ್ಳ. ಅಷ್ಟು ಬರೆಯಬಲ್ಲವನ ಕೈಯನ್ನು ಕಾಯಿಲೆ ವರ್ಷಗಟ್ಟಲೆ ಕಟ್ಟಿಹಾಕಿತ್ತು.

ಅದೇ 1959ರಲ್ಲಿ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಲೇಟರ್ ಅವರಿಗೆ ಮಾನಸಿಕ ಕಾಯಿಲೆಗಳ ಆನುವಂಶಿಕತೆಗೆ ಮೀಸಲಾದ ಒಂದು ಘಟಕ ಕೊಟ್ಟಿತು. ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಮಾಡ್ಸ್ಲಿ ಆವರಣದಲ್ಲಿದ್ದ ಒಂದು ಶೆಡ್ಡು, ಎಲ್ಲರೂ ಅದನ್ನು ಕರೆಯುತ್ತಿದ್ದದ್ದೂ ಗುಡಿಸಲು ಅಂತಲೇ. ಅಲ್ಲಿಂದ ಹೊರಟ ವಿದ್ಯಾರ್ಥಿಗಳು ಜಗತ್ತಿನ ಹಲವೆಡೆ ಹೋಗಿ ಈ ವಿಷಯವನ್ನು ಕಟ್ಟಿದರು. ಅದೇ ಗುಡಿಸಲಿನಲ್ಲಿ ಗುರುವಿಗೆ ತಿರುಗೇಟೂ ಬಿತ್ತು. ಸ್ಕಿಜೋಫ್ರೀನಿಯಾಕ್ಕೆ ಮುಖ್ಯ ಕಾರಣ ಒಂದೇ ಜೀನ್ ಅಂತ ಸ್ಲೇಟರ್ 1958ರಲ್ಲಿ ಸಿದ್ಧಾಂತ ಮಂಡಿಸಿದ್ದರು. 1963ರಲ್ಲಿ ಅಮೆರಿಕದಿಂದ ಇರ್ವಿಂಗ್ ಗಾಟೆಸ್ಮನ್ ಎಂಬ ತರುಣ ಬಂದು, ಸ್ಲೇಟರ್ ಕಟ್ಟಿದ ಅದೇ ಅವಳಿಗಳ ರಿಜಿಸ್ಟರನ್ನು ಹಿಡಿದು, ಅವರದೇ ಬಲಗೈಯಾದ ಶೀಲ್ಡ್ಸ್ ಜೊತೆ ಸೇರಿ ಕೆಲಸ ಮಾಡಿ, 1967ರಲ್ಲಿ ಇದು ಒಂದು ಜೀನಿನ ಆಟವಲ್ಲ, ಬಹಳಷ್ಟು ಜೀನ್‌ಗಳು ಚೂರು ಚೂರು ಸೇರಿ ಒಂದು ಮಿತಿ ದಾಟಿದಾಗ ಬರುವ ಕಾಯಿಲೆ ಅಂತ ಪ್ರಕಟಿಸಿದರು. ಯಜಮಾನರ ಮನೆಯ ಅಕ್ಕಿಯಲ್ಲೇ ಅನ್ನ ಮಾಡಿ ಯಜಮಾನರದೇ ತಪ್ಪು ಅಂದಂತೆ. ನಮ್ಮಲ್ಲಿ ಎಷ್ಟು ಗೈಡುಗಳು ಇದಕ್ಕೆ ಸಹಿ ಹಾಕುತ್ತಿದ್ದರು ಅಂತ ಪಿಎಚ್‌ಡಿ ಮಾಡುತ್ತಿರುವ ಸೀನಿಯರುಗಳನ್ನು ಕೇಳಿ ನೋಡಿ. ಸ್ಲೇಟರ್ ಅಡ್ಡಗಾಲು ಹಾಕಲಿಲ್ಲ.

ಬದಲಿಗೆ ಅವರು ತಮ್ಮ ನಂಬಿಕೆಯನ್ನೇ ಅಳೆದು ನೋಡುವ ಒಂದು ತಕ್ಕಡಿ ತಯಾರಿಸಿದರು. 1966ರಲ್ಲಿ ಬಂದ ಆ ಗಣನೆಯ ಮಾದರಿ ಇವರ ಕೆಲಸದಲ್ಲೇ ನಮಗೆ ಅತಿ ಇಷ್ಟವಾದದ್ದು. ಹೀಗೆ ಯೋಚಿಸಿ. ಒಬ್ಬ ರೋಗಿಗೆ ಕಾಯಿಲೆ ಇದ್ದ ಇಬ್ಬರು ಬಂಧುಗಳಿದ್ದಾರೆ. ಕಾಯಿಲೆಗೆ ಒಂದೇ ಪ್ರಬಲ ಜೀನ್ ಕಾರಣವಾದರೆ, ಅದು ಅಪ್ಪನ ಕಡೆಯಿಂದ ಬಂದಿರಬೇಕು ಅಥವಾ ಅಮ್ಮನ ಕಡೆಯಿಂದ. ಹಾಗಾಗಿ ಆ ಇಬ್ಬರು ಬಂಧುಗಳೂ ಹೆಚ್ಚುಕಡಿಮೆ ಒಂದೇ ಕಡೆಯವರಾಗಿರಬೇಕು, ಇಬ್ಬರೂ ಸೋದರಮಾವನ ಮನೆಯವರು ಅಥವಾ ಇಬ್ಬರೂ ಚಿಕ್ಕಪ್ಪನ ಮನೆಯವರು. ಚೂರು ಚೂರು ಜೀನ್‌ಗಳು ಎರಡೂ ಕಡೆಯಿಂದ ಬಂದು ಸೇರಿದ್ದಾದರೆ, ಒಬ್ಬ ಮಾವನ ಕಡೆ, ಇನ್ನೊಬ್ಬ ಚಿಕ್ಕಪ್ಪನ ಕಡೆ ಸಿಗುವುದೂ ಸಾಕಷ್ಟಿರಬೇಕು. ಎಷ್ಟು ಸಾಕಷ್ಟು ಅನ್ನುವುದನ್ನು ಲೆಕ್ಕ ಹೇಳುತ್ತದೆ. ಸೂಕ್ಷ್ಮದರ್ಶಕ ಬೇಡ, ರಕ್ತ ಬೇಡ, ವಂಶಾವಳಿ ಬರೆದ ಒಂದು ಹಾಳೆ ಸಾಕು. 1971ರಲ್ಲಿ ಅರವತ್ತೇಳರ ಸ್ಲೇಟರ್ ಇಬ್ಬರು ಸಹೋದ್ಯೋಗಿಗಳ ಜೊತೆ ಇದೇ ತಕ್ಕಡಿಯಲ್ಲಿ ಬೈಪೋಲಾರ್ ಮನೆತನಗಳನ್ನು ತೂಗಿದರು. ಮ್ಯೂನಿಕ್ಕಿನಲ್ಲಿ ಮೂವತ್ತರ ವಯಸ್ಸಿನಲ್ಲಿ ಎತ್ತಿಕೊಂಡಿದ್ದ ಅದೇ ಪ್ರಶ್ನೆ. ಮುಂದಿನ ವರ್ಷಗಳಲ್ಲಿ ಒಂದೇ ಜೀನ್ ಅನ್ನುವ ಕತೆ ಪೂರಾ ಬಿದ್ದುಹೋಯಿತು.

ಇವತ್ತಿನ ಲೆಕ್ಕ ಎಲ್ಲಿಗೆ ಬಂದಿದೆ ಅಂತ ಹೇಳಿಬಿಡುತ್ತೇವೆ, ಮೇಲೆ ನಾವೇ ಎತ್ತಿದ ಪ್ರಶ್ನೆ ಅಲ್ಲವೇ. ಅಪ್ಪ, ಅಮ್ಮ, ಅಣ್ಣ, ತಂಗಿ ಇವರಲ್ಲೊಬ್ಬರಿಗೆ ಬೈಪೋಲಾರ್ ಇದ್ದರೆ ನಮಗೆ ಬರುವ ಅಪಾಯ ನೂರಕ್ಕೆ ಸುಮಾರು ಐದರಿಂದ ಹತ್ತು. ಸಾಮಾನ್ಯದ ಒಂದಕ್ಕಿಂತ ಖಂಡಿತ ಹೆಚ್ಚು. ತಿರುಗಿಸಿ ಓದಿದರೆ, ನೂರಕ್ಕೆ ತೊಂಬತ್ತು ಅಥವಾ ಅದಕ್ಕೂ ಹೆಚ್ಚು ಜನಕ್ಕೆ ಬರುವುದಿಲ್ಲ. ಒಂದೇ ಅಂಡದ ಅವಳಿಯಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ನಲವತ್ತರಿಂದ ಎಪ್ಪತ್ತು. ಜೀನ್‌ಗಳೆಲ್ಲ ಒಂದೇ ಆದರೂ ನೂರಾಗಲಿಲ್ಲ ಅನ್ನುವುದನ್ನು ಗಮನಿಸಿ. 2021ರಲ್ಲಿ ಬೈಪೋಲಾರ್ ಇರುವ 40,000ಕ್ಕೂ ಹೆಚ್ಚು ಜನರ ಜೀನೋಮ್ ಹೋಲಿಸಿ, ಕಾಯಿಲೆಗೆ ನಂಟಿರುವ 64 ಜಾಗಗಳನ್ನು ಗುರುತಿಸಿದರು. 2025ರಲ್ಲಿ 1.5 ಲಕ್ಷ ದಾಟಿದ ಜನರಲ್ಲಿ ಹುಡುಕಿದಾಗ ಅದು 298 ಆಯಿತು. ಒಂದೊಂದರ ಪಾಲೂ ಕೂದಲೆಳೆಯಷ್ಟು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್‌ನವರೂ ಒಂದೇ ಮನೆಯಲ್ಲಿ ಹಲವರಿಗೆ ಕಾಯಿಲೆ ಇರುವ ಕುಟುಂಬಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ಮದುವೆ ಮನೆಯ ಗುಸುಗುಸಿನಲ್ಲಿ ಇದರಲ್ಲಿ ಒಂದು ಅಂಕಿಯೂ ಕೇಳಿಬರುವುದಿಲ್ಲ. (ನಿಮಗೋ ನಿಮ್ಮ ರೂಮ್‌ಮೇಟಿಗೋ ನಿದ್ದೆ, ಮನಸ್ಸು ಹದ ತಪ್ಪಿದ್ದರೆ ಟೆಲಿ-ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.)

ಸ್ಲೇಟರ್ 1969ರಲ್ಲಿ ನಿವೃತ್ತರಾದಾಗ ಮಂಡಳಿ ಆ ಘಟಕವನ್ನೇ ಮುಚ್ಚಿತು. ಹತ್ತು ವರ್ಷ ನಡೆದ ಗುಡಿಸಲಿನ ಕೆಲಸ ಅಲ್ಲಿಗೆ ನಿಂತಿತು. ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯ ಸಂಪಾದಕತ್ವವನ್ನು ಮಾತ್ರ 1972ರವರೆಗೆ ನಡೆಸಿದರು. ಮರಣದಂಡನೆ ಬೇಡ ಅಂತ ವಾದಿಸಿದರು, ಚಿತ್ರ ಬಿಡಿಸಿದರು, ಒಂದು ಕವನ ಸಂಕಲನವನ್ನೂ ತಂದರು. ಆಮೇಲೆ ಎಣಿಸಲು ಹೊಸದೊಂದು ಹುಡುಕಿಕೊಂಡರು, ಶೇಕ್ಸ್‌ಪಿಯರ್.

ಮೂರನೇ ಎಡ್ವರ್ಡ್ ಅಂತ ಒಂದು ನಾಟಕವಿದೆ, 1596ರಲ್ಲಿ ಬರೆದವರ ಹೆಸರೇ ಇಲ್ಲದೆ ಅಚ್ಚಾದದ್ದು. ಇದರಲ್ಲಿ ಶೇಕ್ಸ್‌ಪಿಯರನ ಪಾಲು ಎಷ್ಟು ಅನ್ನುವುದು ಹಳೆಯ ಜಗಳ. ಸ್ಲೇಟರ್ ಅದಕ್ಕೂ ಮನೆತನದ ಉಪಾಯವನ್ನೇ ಹಚ್ಚಿದರು ಅನ್ನಿ. ಎಲ್ಲರೂ ಬಳಸುವ ಶಬ್ದ ಬೇಡ, ಅಪರೂಪದ ಶಬ್ದಗಳನ್ನು ಹಿಡಿಯಿರಿ. ಅವು ಈ ನಾಟಕದಿಂದ ಶೇಕ್ಸ್‌ಪಿಯರನ ಬೇರೆ ಯಾವ ಯಾವ ನಾಟಕಗಳಿಗೆ ಎಷ್ಟೆಷ್ಟು ಹರಿದಿವೆ, ಅಕಸ್ಮಾತ್ತಾಗಿ ಸಿಗಬೇಕಾದ್ದಕ್ಕಿಂತ ಹೆಚ್ಚೋ ಕಡಿಮೆಯೋ ನೋಡಿ. ಒಂದೊಂದೇ ಶಬ್ದ ಎಣಿಸಿ, ಈ ನಾಟಕ ಶೇಕ್ಸ್‌ಪಿಯರನ ಆರಂಭದ ದಿನಗಳ ಬರಹಕ್ಕೆ ಹತ್ತಿರ ಅನ್ನುವ ತೀರ್ಮಾನಕ್ಕೆ ಬಂದರು. ಅದನ್ನು ಲಂಡನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಪಿಎಚ್‌ಡಿ ಪಡೆದಾಗ ಅವರ ವಯಸ್ಸು 77. 1983ರ ಮೇ 15ರಂದು ತೀರಿಕೊಂಡರು. ಪ್ರಬಂಧ ಪುಸ್ತಕವಾಗಿ ಕೇಂಬ್ರಿಜ್‌ನಿಂದ ಹೊರಬಂದದ್ದು 1988ರಲ್ಲಿ. ಅದಾಗಿ ಹತ್ತು ವರ್ಷಕ್ಕೆ ಅದೇ ಕೇಂಬ್ರಿಜ್‌ನವರು ತಮ್ಮ ಶೇಕ್ಸ್‌ಪಿಯರ್ ನಾಟಕಗಳ ಸಾಲಿನಲ್ಲಿ ಮೂರನೇ ಎಡ್ವರ್ಡನನ್ನೂ ಸೇರಿಸಿ ಅಚ್ಚು ಹಾಕಿದರು.